ನೇರ ಮೇಲಕ್ಕೆ ಎಸೆದ ಚೆಂಡಿನ ಎತ್ತರ: ನನಗೆ ಯಾಕೆ ಮೈನಸ್ ಬರುತ್ತಿದೆ?

ಕೊನೆಯ_ಬೆಂಚು:

ಎಲ್ಲರಿಗೂ ನಮಸ್ಕಾರ. ಲೆಕ್ಕ ಸಣ್ಣದು, ಆದರೆ ಮೂರು ದಿನದಿಂದ ತಲೆ ತಿನ್ನುತ್ತಿದೆ.

ಒಂದು ಚೆಂಡನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದಿದ್ದಾರೆ. ಗಾಳಿಯ ತಡೆ ಇಲ್ಲ ಅಂದುಕೊಳ್ಳಬೇಕು. ಎಷ್ಟು ಎತ್ತರಕ್ಕೆ ಹೋಗುತ್ತದೆ?

ನಾನು ವಿ² = ಯು² + 2 × ಎ × ಎಸ್ ಸೂತ್ರ ತೆಗೆದುಕೊಂಡೆ. ಯು ಅಂದರೆ ಎಸೆದಾಗಿನ ವೇಗ, ವಿ ತುದಿಯಲ್ಲಿನ ವೇಗ, ಎಸ್ ಸಾಗಿದ ದೂರ, ಎ ವೇಗೋತ್ಕರ್ಷ, ಅಂದರೆ ಪ್ರತಿ ಸೆಕೆಂಡಿಗೆ ವೇಗ ಎಷ್ಟು ಬದಲಾಗುತ್ತದೆ ಅನ್ನುವುದು. ತುದಿಯಲ್ಲಿ ಚೆಂಡು ನಿಲ್ಲುತ್ತದೆ, ಹಾಗಾಗಿ ವಿ = 0. ಯು = 20. ಎ ಜಾಗದಲ್ಲಿ ಗುರುತ್ವದ 9.8 ಹಾಕಿದೆ. ಆಗ 0 = 400 + 19.6 × ಎಸ್. ಎಸ್ = −20.4 ಮೀಟರ್ ಬಂತು. ಮೇಲಕ್ಕೆ ಎಸೆದ ಚೆಂಡು ನೆಲದ ಕೆಳಗೆ ಹೋಗುವುದು ಹೇಗೆ?

ಉತ್ತರದ ಪುಟದಲ್ಲಿ 20.4 ಅಂತ ಇದೆ. ಮೈನಸ್ ಅಳಿಸಿ ಮುಂದಕ್ಕೆ ಹೋಗಬಹುದಿತ್ತು. ತರಗತಿಯಲ್ಲಿ ಕೇಳಿದಾಗಲೂ "ಎತ್ತರ ಮೈನಸ್ ಇರುವುದಿಲ್ಲ, ತೆಗೆದುಬಿಡು" ಅಂದರು. ನನಗೆ ಹಾಗೆ ಬಿಡಲು ಮನಸ್ಸಾಗುತ್ತಿಲ್ಲ.

ಇನ್ನೊಂದು ಪ್ರಶ್ನೆ. ತುದಿಯಲ್ಲಿ ಚೆಂಡು ಒಂದು ಕ್ಷಣ ನಿಂತಿರುತ್ತದೆ ಅಲ್ವಾ? ಆ ಕ್ಷಣದಲ್ಲಿ ಗುರುತ್ವ ಇರುವುದಿಲ್ಲವಾ?

ನೆಲಮುಗಿಲು:

ಮೈನಸ್ ಅಳಿಸದೆ ಇಲ್ಲಿಗೆ ತಂದಿದ್ದು ಒಳ್ಳೆಯದಾಯಿತು. ಅದನ್ನು ಸುಮ್ನೆ ತೆಗೆದುಹಾಕಿದರೆ ಮುಂದಿನ ಲೆಕ್ಕದಲ್ಲಿ ಅದು ಇನ್ನೊಂದು ರೂಪದಲ್ಲಿ ಬಂದು ಕಾಡುತ್ತದೆ.

ನಿಮ್ಮ ಸೂತ್ರ ಸರಿ. ಸಂಖ್ಯೆಗಳೂ ಸರಿ. ತಪ್ಪಿರುವುದು ಒಂದೇ ಕಡೆ. ನೀವು ಯಾವ ದಿಕ್ಕನ್ನು ಪ್ಲಸ್ ಅಂತ ಇಟ್ಟುಕೊಂಡಿದ್ದೀರಿ? ಯು = +20 ಅಂತ ಬರೆದಾಗ ಮೇಲಿನ ದಿಕ್ಕು ಪ್ಲಸ್ ಆಯಿತು. ಎ = +9.8 ಅಂತ ಬರೆದಾಗ ಕೆಳಗಿನ ದಿಕ್ಕು ಪ್ಲಸ್ ಆಯಿತು, ಯಾಕೆಂದರೆ ಭೂಮಿ ಎಳೆಯುವುದು ಕೆಳಕ್ಕೆ. ಒಂದೇ ಸಾಲಿನಲ್ಲಿ ಎರಡು ದಿಕ್ಕು ಪ್ಲಸ್ ಆಗಲು ಸಾಧ್ಯವಿಲ್ಲ.

ಪೆನ್ನು ಹಿಡಿಯುವ ಮೊದಲು ಹಾಳೆಯ ಮೂಲೆಯಲ್ಲಿ ಒಂದು ಬಾಣ ಬರೆಯಿರಿ. ಬಾಣದ ತುದಿ ಮೇಲಕ್ಕೆ, ಪಕ್ಕದಲ್ಲಿ ಪ್ಲಸ್. ಈಗ ಯು = +20, ಎ = −9.8.

0 = 400 − 19.6 × ಎಸ್
ಎಸ್ = 400 ÷ 19.6 = 20.4 ಮೀಟರ್

ಬಾಣವನ್ನು ಕೆಳಕ್ಕೆ ಬರೆದರೂ ನಡೆಯುತ್ತದೆ. ಆಗ ಯು = −20, ಎ = +9.8. ಯು² ಹೇಗೂ 400. ಎಸ್ = −20.4 ಬರುತ್ತದೆ. ಕೆಳಗೆ ಪ್ಲಸ್ ಅಂತ ಇಟ್ಟುಕೊಂಡವರಿಗೆ ಮೈನಸ್ 20.4 ಅಂದರೆ 20.4 ಮೀಟರ್ ಮೇಲೆ ಅಂತ ಅರ್ಥ. ನಿಮಗೆ ಬಂದದ್ದೂ ಇದೇ ಸಂಖ್ಯೆ. ಯು ಪಕ್ಕದ ಚಿಹ್ನೆ ವರ್ಗ ಮಾಡಿದಾಗ ಮಾಯವಾಯಿತು, ಹಾಗಾಗಿ ನಿಮ್ಮ ಲೆಕ್ಕ ತನ್ನಷ್ಟಕ್ಕೆ "ಕೆಳಗೆ ಪ್ಲಸ್" ಲೆಕ್ಕವಾಗಿ ಹೋಯಿತು. ಉತ್ತರ ತಪ್ಪಲ್ಲ, ಅದನ್ನು ಓದುವ ದಿಕ್ಕು ಬೇರೆ ಅಷ್ಟೇ.

ಈ ಲೆಕ್ಕದ ಸಾಮಾನ್ಯ ರೂಪ: ಗರಿಷ್ಠ ಎತ್ತರ = ಯು² ÷ (2 × ಜಿ). ಇಲ್ಲಿ ಜಿ ಅಂದರೆ 9.8, ಅದಕ್ಕೆ ಚಿಹ್ನೆ ಇಲ್ಲ. ಚಿಹ್ನೆಯ ಕೆಲಸ ಸೂತ್ರ ಹುಟ್ಟುವಾಗಲೇ ಮುಗಿದಿರುತ್ತದೆ.

ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ದೊಡ್ಡದು. ಸ್ವಲ್ಪ ಸಮಯ ತೆಗೆದುಕೊಂಡು ಬರೆಯುತ್ತೇನೆ.

ಗೀಟು_ಗೆರೆ:

ಸೂತ್ರ ಬಿಟ್ಟು ಒಮ್ಮೆ ಸೆಕೆಂಡ್ ಸೆಕೆಂಡ್ ಎಣಿಸಿ ನೋಡಿ. ನನಗೆ ಈ ಲೆಕ್ಕ ಅರ್ಥವಾಗಿದ್ದೇ ಹಾಗೆ. ಎಣಿಸಲು ಸುಲಭವಾಗಲಿ ಅಂತ ಜಿ = 10 ಇಟ್ಟುಕೊಳ್ಳೋಣ.

ಭೂಮಿ ಪ್ರತಿ ಸೆಕೆಂಡಿಗೆ ಚೆಂಡಿನ ವೇಗದಿಂದ 10 ಕಳೆಯುತ್ತದೆ. ಎಸೆದಾಗ 20. ಒಂದು ಸೆಕೆಂಡ್ ಆದ ಮೇಲೆ 10. ಎರಡು ಸೆಕೆಂಡಿಗೆ 0. ಮೂರಕ್ಕೆ −10. ನಾಲ್ಕಕ್ಕೆ −20, ಅಂದರೆ ಅಷ್ಟೇ ವೇಗದಲ್ಲಿ ಕೆಳಕ್ಕೆ ಬಂದು ಕೈ ಸೇರಿತು.

ಇದನ್ನು ನಕ್ಷೆಯಲ್ಲಿ ಹಾಕಿ. ಅಡ್ಡಕ್ಕೆ ಕಾಲ, ಉದ್ದಕ್ಕೆ ವೇಗ. ಒಂದೇ ನೇರ ಗೆರೆ ಬರುತ್ತದೆ, 20ರಿಂದ ಶುರುವಾಗಿ ಇಳಿಯುತ್ತಾ 2ನೇ ಸೆಕೆಂಡಿನಲ್ಲಿ ಅಡ್ಡಗೆರೆ ದಾಟುತ್ತದೆ. ಅಡ್ಡಗೆರೆಯ ಮೇಲಿರುವ ತ್ರಿಕೋನದ ವಿಸ್ತೀರ್ಣವೇ ಎತ್ತರ. ಅರ್ಧ × 2 × 20 = 20 ಮೀಟರ್.

ಯಾವ ವೇಗಕ್ಕೂ ಇದೇ ತ್ರಿಕೋನ. ಅದರ ಎತ್ತರ ಯು. ಅದರ ತಳ ಯು ÷ ಜಿ, ಯಾಕೆಂದರೆ ಸೆಕೆಂಡಿಗೆ ಜಿ ಕಳೆಯುತ್ತಾ ಹೋದರೆ ಯು ಖಾಲಿಯಾಗಲು ಅಷ್ಟು ಸೆಕೆಂಡ್ ಬೇಕು. ಅರ್ಧ × ಯು × (ಯು ÷ ಜಿ). ಮೇಲಿನವರು ಬರೆದ ಸೂತ್ರ ಬಂದೇ ಬಂತು.

ವೇಗ ಎರಡು ಪಟ್ಟು ಮಾಡಿದರೆ ತ್ರಿಕೋನದ ಎತ್ತರವೂ ಎರಡು ಪಟ್ಟು, ತಳವೂ ಎರಡು ಪಟ್ಟು. ಹಾಗಾಗಿ ಚೆಂಡು ನಾಲ್ಕು ಪಟ್ಟು ಮೇಲೆ ಹೋಗುತ್ತದೆ. ಎರಡು ಪಟ್ಟು ಅಂತ ಬಹಳ ಜನ ಹೇಳುತ್ತಾರೆ. ಹೆಚ್ಚು ವೇಗ ಇದ್ದರೆ ಹೆಚ್ಚು ಹೊತ್ತೂ ಏರುತ್ತದೆ ಅನ್ನುವುದನ್ನು ಮರೆತಿರುತ್ತಾರೆ.

ಒಂದು_ಸಂದೇಹ:

ಎರಡನೇ ಪ್ರಶ್ನೆಗೆ ನನ್ನ ಉತ್ತರ: ತುದಿಯಲ್ಲಿ ವೇಗೋತ್ಕರ್ಷ ಸೊನ್ನೆ ಆಗಲೇಬೇಕು. ನಿಂತಿರುವ ವಸ್ತುವಿಗೆ ಎಲ್ಲಿಯ ವೇಗೋತ್ಕರ್ಷ? ಮೇಜಿನ ಮೇಲಿನ ಪುಸ್ತಕ ನಿಂತಿದೆ, ಅದರ ವೇಗೋತ್ಕರ್ಷ ಸೊನ್ನೆ. ತುದಿಯಲ್ಲಿರುವ ಚೆಂಡೂ ನಿಂತಿದೆ. ಕೈ ಕೊಟ್ಟ ಬಲ ಮತ್ತು ಭೂಮಿಯ ಎಳೆತ ಅಲ್ಲಿ ಸಮವಾಗುತ್ತವೆ, ಆಮೇಲೆ ಭೂಮಿ ಗೆಲ್ಲುತ್ತದೆ. ನಾನು ಇದನ್ನು ಹೀಗೆಯೇ ಕಲಿತಿದ್ದೇನೆ.

ನೆಲಮುಗಿಲು:

ಇಲ್ಲಿ ನಿಲ್ಲೋಣ. ಇಡೀ ಚರ್ಚೆಯಲ್ಲಿ ನನಗೆ ಮುಖ್ಯ ಅನಿಸುವುದು ಇದೇ.

ತುದಿಯಲ್ಲಿ ವೇಗ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ ಅಂತ ಒಂದು ಕ್ಷಣ ಒಪ್ಪಿಕೊಳ್ಳಿ. ವೇಗೋತ್ಕರ್ಷ ಸೊನ್ನೆ ಅಂದರೆ ವೇಗ ಬದಲಾಗುವುದಿಲ್ಲ. ವೇಗ ಈಗ ಸೊನ್ನೆ. ಬದಲಾಗದಿದ್ದರೆ ಮುಂದೆಯೂ ಸೊನ್ನೆಯೇ. ಅಂದರೆ ಚೆಂಡು ಅಲ್ಲೇ ಗಾಳಿಯಲ್ಲಿ ನೇತಾಡಿಕೊಂಡು ಇರಬೇಕು. ಹಾಗೆ ಆಗುವುದಿಲ್ಲ, ಅದು ಕೆಳಗೆ ಬರುತ್ತದೆ. ಬರುತ್ತದೆ ಅಂದಮೇಲೆ ಆ ಕ್ಷಣದಲ್ಲೂ ಅದರ ವೇಗ ಬದಲಾಗುತ್ತಲೇ ಇತ್ತು.

ಗೀಟು_ಗೆರೆ ಬರೆದ ಪಟ್ಟಿ ನೋಡಿ. 20, 10, 0, −10, −20. ನಡುವಿನ ಸೊನ್ನೆ ಅಲ್ಲಿ ಇನ್ನೊಂದು ಸಂಖ್ಯೆ ಮಾತ್ರ. 10ರಿಂದ 0ಗೆ ಬರಲು ಎಷ್ಟು ಕಳೆಯಿತೋ 0ರಿಂದ −10ಕ್ಕೆ ಹೋಗಲೂ ಅಷ್ಟೇ ಕಳೆಯಿತು. ನಕ್ಷೆಯ ಗೆರೆ ಅಡ್ಡಗೆರೆ ದಾಟುವ ಜಾಗದಲ್ಲಿ ಮಟ್ಟಸ ಆಗುವುದಿಲ್ಲ, ಅದೇ ಇಳಿಜಾರಿನಲ್ಲಿ ಹೋಗುತ್ತದೆ. ಆ ಇಳಿಜಾರೇ ವೇಗೋತ್ಕರ್ಷ.

ಮೇಜಿನ ಮೇಲಿನ ಪುಸ್ತಕಕ್ಕೂ ಚೆಂಡಿಗೂ ವ್ಯತ್ಯಾಸ ಇದೆ. ಪುಸ್ತಕವನ್ನು ಭೂಮಿ ಕೆಳಕ್ಕೆ ಎಳೆಯುತ್ತದೆ, ಮೇಜು ಮೇಲಕ್ಕೆ ತಳ್ಳುತ್ತದೆ. ತುದಿಯಲ್ಲಿರುವ ಚೆಂಡಿಗೆ ಮೇಜು ಎಲ್ಲಿದೆ? ಅದನ್ನು ಹಿಡಿದಿರುವವರು ಯಾರೂ ಇಲ್ಲ. ಎಳೆತ ಒಂದೇ ಇದೆ, ಅದು ಪೂರ್ತಿ ಇದೆ.

"ಒಂದು ಕ್ಷಣ ನಿಲ್ಲುತ್ತದೆ" ಅನ್ನುವ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಅದು ಅರ್ಧ ಸೆಕೆಂಡೂ ಅಲ್ಲ, ಸಾವಿರದ ಒಂದು ಭಾಗವೂ ಅಲ್ಲ. ಸೊನ್ನೆಯ ಮೂಲಕ ಹಾದು ಹೋಗುತ್ತದೆ ಅನ್ನುವುದೇ ಸರಿಯಾದ ಮಾತು. ನಾನು ಈಗ ಪಾಠ ಹೇಳುವಾಗ "ನಿಲ್ಲುತ್ತದೆ" ಅನ್ನುವ ಬದಲು "ತಿರುಗುತ್ತದೆ" ಅನ್ನುತ್ತೇನೆ.

ಒಂದು_ಸಂದೇಹ:

ಎರಡು ಸಲ ಓದಿದೆ. ನೇತಾಡಿಕೊಂಡು ಇರಬೇಕಾಗುತ್ತದೆ ಅನ್ನುವುದಕ್ಕೆ ನನ್ನ ಬಳಿ ಉತ್ತರ ಇಲ್ಲ. ಒಪ್ಪಿದೆ. ಆದರೆ ಕೈ ಕೊಟ್ಟ ಬಲ ಎಲ್ಲಿ ಹೋಯಿತು? ಅದು ಚೆಂಡಿನ ಜೊತೆ ಮೇಲೆ ಹೋಗುತ್ತಾ ಕರಗಲೇಬೇಕಲ್ಲ?

ನೆಲಮುಗಿಲು:

ಕೈ ಚೆಂಡನ್ನು ಮುಟ್ಟಿರುವಷ್ಟು ಹೊತ್ತು ಮಾತ್ರ ಕೈಯ ಬಲ ಇರುತ್ತದೆ. ಬೆರಳು ಬಿಟ್ಟ ಕೂಡಲೇ ಆ ಬಲ ಮುಗಿಯಿತು. ಚೆಂಡಿನ ಜೊತೆ ಹೋಗುವುದು ವೇಗ, ಬಲ ಅಲ್ಲ. ಕರಗುವುದೂ ಆ ವೇಗವೇ.

ನಿಮ್ಮ ಯೋಚನೆ ನಿಮ್ಮೊಬ್ಬರದಲ್ಲ. 14ನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿದ್ದ ಝಾನ್ ಬುರಿಡಾನ್ ಎಂಬ ವಿದ್ವಾಂಸ ಬಹುಮಟ್ಟಿಗೆ ಇದನ್ನೇ ಹೇಳಿದ್ದ. ಎಸೆಯುವವನು ವಸ್ತುವಿನೊಳಗೆ ಒಂದು ತಳ್ಳುವ ಗುಣವನ್ನು ತುಂಬುತ್ತಾನೆ, ಅದನ್ನು ಗಾಳಿ ಮತ್ತು ಭಾರ ಕುಗ್ಗಿಸುತ್ತವೆ ಅಂತ. ಅದಕ್ಕೆ ಇಂಪೆಟಸ್ ಅಂತ ಹೆಸರು. ಅಲ್ಲಿಂದ ಮುಂದಿನ ಹೆಜ್ಜೆ ಇಡಲು ಜಗತ್ತಿಗೆ ಸುಮಾರು ಮುನ್ನೂರು ವರ್ಷ ಬೇಕಾಯಿತು. ಹಾಗಾಗಿ ಈ ಸಂದೇಹ ಬಂದವರನ್ನು ನಾನು ಯಾವತ್ತೂ ಬೇಗ ಬೇಗ ದಾಟಿಸಲು ಹೋಗುವುದಿಲ್ಲ.

ಲೆಕ್ಕಪ್ರಿಯೆ:

ಭೌತಶಾಸ್ತ್ರ ಗೊತ್ತಿಲ್ಲದವರಿಗೂ ತುದಿ ಸಿಗುವ ಒಂದು ದಾರಿ ಹೇಳುತ್ತೇನೆ. ನನಗೆ ಇದು ತುಂಬಾ ಇಷ್ಟ.

ಜಿ = 10 ಇಟ್ಟರೆ ಟಿ ಸೆಕೆಂಡ್ ಆದಾಗ ಚೆಂಡಿನ ಎತ್ತರ: 20 × ಟಿ − 5 × ಟಿ². ಚೆಂಡು ಯಾವಾಗ 15 ಮೀಟರ್ ಎತ್ತರದಲ್ಲಿ ಇರುತ್ತದೆ ಅಂತ ಕೇಳಿ. 15 = 20ಟಿ − 5ಟಿ². ಐದರಿಂದ ಭಾಗಿಸಿದರೆ ಟಿ² − 4ಟಿ + 3 = 0. ಉತ್ತರ ಎರಡು: ಟಿ = 1, ಟಿ = 3. ಒಂದು ತಪ್ಪು ಅಂತ ಹೊಡೆದುಹಾಕಬೇಡಿ, ಎರಡೂ ನಿಜ. 1ನೇ ಸೆಕೆಂಡಿನಲ್ಲಿ ಏರುವಾಗ, 3ನೇ ಸೆಕೆಂಡಿನಲ್ಲಿ ಇಳಿಯುವಾಗ.

ಈಗ 20 ಮೀಟರ್ ಹಾಕಿ. ಟಿ² − 4ಟಿ + 4 = 0. ಎರಡು ಉತ್ತರ ಒಂದಾಗಿಬಿಟ್ಟವು: ಟಿ = 2. ಏರುವ ಕ್ಷಣವೂ ಇಳಿಯುವ ಕ್ಷಣವೂ ಒಂದೇ, ಅಂದರೆ ಅದೇ ತುದಿ. 21 ಮೀಟರ್ ಹಾಕಿದರೆ ವರ್ಗಮೂಲದೊಳಗೆ ಮೈನಸ್ ಬರುತ್ತದೆ. ಚೆಂಡು ಅಲ್ಲಿಗೆ ಹೋಗುವುದೇ ಇಲ್ಲ ಅಂತ ಬೀಜಗಣಿತವೇ ಹೇಳುತ್ತದೆ.

ಇನ್ನೂ ಚಿಕ್ಕದಾಗಿ ಬೇಕಾದರೆ ವರ್ಗ ಪೂರ್ಣ ಮಾಡಿ: 20ಟಿ − 5ಟಿ² = 20 − 5 × (ಟಿ − 2)². ಒಂದು ವರ್ಗ ಯಾವತ್ತೂ ಸೊನ್ನೆಗಿಂತ ಕಡಿಮೆ ಆಗುವುದಿಲ್ಲ. ಆದ್ದರಿಂದ 20ರಿಂದ ಏನೋ ಕಳೆಯುತ್ತಲೇ ಇರುತ್ತೀರಿ, ಟಿ = 2 ಆದಾಗ ಬಿಟ್ಟು. ಗರಿಷ್ಠ 20. ವೇಗ ಸೊನ್ನೆ ಅನ್ನುವ ಮಾತೇ ಬೇಕಾಗಲಿಲ್ಲ.

ತಕ್ಕಡಿ:

ಶಕ್ತಿಯ ದಾರಿ ಯಾರೂ ಹೇಳಲಿಲ್ಲ. ಎಸೆದಾಗ ಚಲನಶಕ್ತಿ: ಅರ್ಧ × ರಾಶಿ × ಯು². ತುದಿಯಲ್ಲಿ ಅದೆಲ್ಲ ಎತ್ತರದ ಶಕ್ತಿಯಾಗಿದೆ: ರಾಶಿ × ಜಿ × ಎತ್ತರ. ಎರಡೂ ಸಮ. ರಾಶಿ ಎರಡೂ ಕಡೆ ಇದೆ, ಹೊಡೆದುಹಾಕಿ. ಎತ್ತರ = ಯು² ÷ (2 × ಜಿ). ಕಾಲವೂ ಬೇಡ, ಚಿಹ್ನೆಯ ಗೊಂದಲವೂ ಬೇಡ.

ರಾಶಿ ಹೋಗಿಬಿಟ್ಟಿತು ಅನ್ನುವುದನ್ನು ಗಮನಿಸಿ. ಒಂದೇ ವೇಗದಲ್ಲಿ ಎಸೆದರೆ ಕಬ್ಬಿಣದ ಗುಂಡು, ಮರದ ಗುಂಡು ಒಂದೇ ಎತ್ತರಕ್ಕೆ ಹೋಗುತ್ತವೆ. ಕಬ್ಬಿಣಕ್ಕೆ ಆ ವೇಗ ಕೊಡಲು ತೋಳಿಗೆ ಜಾಸ್ತಿ ಕೆಲಸ, ಅದು ಬೇರೆ ಮಾತು.

ಈ ದಾರಿಯಿಂದ ಇನ್ನೊಂದು ವಿಷಯವೂ ತಕ್ಷಣ ಸಿಗುತ್ತದೆ. ಅರ್ಧ ಎತ್ತರದಲ್ಲಿ ವೇಗ ಎಷ್ಟು? ಅರ್ಧ ಅಂದುಕೊಳ್ಳುತ್ತೇವೆ. ಅಲ್ಲ. ಅರ್ಧ ಎತ್ತರಕ್ಕೆ ಹೋಗುವಷ್ಟರಲ್ಲಿ ಶಕ್ತಿ ಅರ್ಧ ಖರ್ಚಾಗಿದೆ, ವೇಗ ಇನ್ನೂ 14.1 ಇದೆ. ವೇಗ ಅರ್ಧಕ್ಕೆ ಇಳಿದು 10 ಆಗುವುದು ಮುಕ್ಕಾಲು ಎತ್ತರದಲ್ಲಿ, ಸುಮಾರು 15.3 ಮೀಟರ್ ಹತ್ತಿರ.

ಗೀಟು_ಗೆರೆ:

ತಕ್ಕಡಿ ಹೇಳಿದ ಮುಕ್ಕಾಲಿನ ವಿಷಯ ಹಿಡಿದುಕೊಂಡು ಒಂದು ಮಾತು. ವೇಗ ಅರ್ಧ ಆಗುವುದು ಏರುವ ಕಾಲದ ಅರ್ಧದಲ್ಲಿ. ಅಂದರೆ ಮೊದಲ ಅರ್ಧ ಕಾಲದಲ್ಲಿ ಚೆಂಡು ಮುಕ್ಕಾಲು ಎತ್ತರ ಏರಿಬಿಡುತ್ತದೆ. ಉಳಿದ ಕಾಲು ಭಾಗ ಏರಲು ಉಳಿದ ಅರ್ಧ ಕಾಲ ಬೇಕು. ಇಳಿಯುವಾಗಲೂ ಹಾಗೆಯೇ. ಒಟ್ಟಿನಲ್ಲಿ ಚೆಂಡು ಗಾಳಿಯಲ್ಲಿರುವ ಸಮಯದ ಅರ್ಧವನ್ನು ಮೇಲಿನ ಕಾಲು ಭಾಗದಲ್ಲೇ ಕಳೆಯುತ್ತದೆ.

ತುದಿಯಲ್ಲಿ ಚೆಂಡು "ನಿಂತ ಹಾಗೆ" ಕಾಣುವುದು ಇದಕ್ಕೇ. ಗುರುತ್ವ ಬಿಡುವು ಕೊಟ್ಟಿದೆ ಅಂತ ಅಲ್ಲ. ಅಲ್ಲಿ ಅದು ನಿಧಾನ, ನಮ್ಮ ಕಣ್ಣಿಗೆ ಜಾಸ್ತಿ ಹೊತ್ತು ಸಿಗುತ್ತದೆ.

ತುದಿಯಿಂದ ಕೆಳಗೆ ಎಣಿಸಿದರೆ ಮೊದಲ ಸೆಕೆಂಡಿಗೆ 5 ಮೀಟರ್, ಎರಡನೆಯದಕ್ಕೆ 15, ಮೂರನೆಯದಕ್ಕೆ 25. ಅಂದರೆ 1, 3, 5. ಈ ಬೆಸ ಸಂಖ್ಯೆಗಳ ಸಾಲನ್ನು ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ವಿವರಿಸಿದ್ದಾನೆ. ನೇರ ಬೀಳುವ ವಸ್ತು ಅಳೆಯಲು ಆಗದಷ್ಟು ವೇಗವಾಗಿತ್ತು. ಅದಕ್ಕೆ ಅವನು ಇಳಿಜಾರಿನ ಮೇಲೆ ಗುಂಡು ಉರುಳಿಸಿದ. ಪಾತ್ರೆಯಿಂದ ಸಣ್ಣ ಧಾರೆಯಾಗಿ ಬಿದ್ದ ನೀರನ್ನು ತೂಗಿ ಕಾಲ ಅಳೆದ.

ಕೊನೆಯ_ಬೆಂಚು:

ಎಲ್ಲರಿಗೂ ತುಂಬಾ ಧನ್ಯವಾದ. ಬಾಣ ಬರೆದು ಹತ್ತು ಲೆಕ್ಕ ಮಾಡಿದೆ, ಎಲ್ಲವೂ ಸರಿ ಬಂದವು. ಒಂದರಲ್ಲಿ ಮಾತ್ರ ಸಿಕ್ಕಿಹಾಕಿಕೊಂಡೆ. 30 ಮೀಟರ್ ಎತ್ತರದ ಗೋಪುರದ ಮೇಲೆ ನಿಂತು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದರೆ ನೆಲದಿಂದ ಗರಿಷ್ಠ ಎತ್ತರ ಎಷ್ಟು, ನೆಲ ಮುಟ್ಟಲು ಎಷ್ಟು ಹೊತ್ತು?

ಇನ್ನೊಂದು ಆಸೆ ಇದೆ. ನಾನೇ ಚೆಂಡು ಎಸೆದು ಅಳೆಯಬೇಕು. ಆದರೆ ನನ್ನ ಕೈಯ ವೇಗ ನನಗೆ ಹೇಗೆ ಗೊತ್ತಾಗಬೇಕು?

ಲೆಕ್ಕಪ್ರಿಯೆ:

ಗೋಪುರದ ಲೆಕ್ಕ: ಸೂತ್ರ ಕೊಡುವುದು ಕೈ ಬಿಟ್ಟ ಜಾಗದಿಂದ ಮೇಲಿನ ಎತ್ತರ. ಅದು 20.4. ಗೋಪುರ ಸೇರಿಸಿ: 50.4 ಮೀಟರ್. ಅಷ್ಟೇ.

ನೆಲ ಮುಟ್ಟುವ ಹೊತ್ತಿಗೆ ಎರಡು ತುಂಡು ಮಾಡಬೇಡಿ. ಒಂದೇ ಸಾಲು ಸಾಕು. ಮೇಲೆ ಪ್ಲಸ್, ಕೈ ಬಿಟ್ಟ ಜಾಗ ಸೊನ್ನೆ, ನೆಲ ಅಂದರೆ −30. ಹಾಗಾಗಿ −30 = 20ಟಿ − 4.9ಟಿ². ಬಿಡಿಸಿದರೆ ಟಿ ಸುಮಾರು 5.25 ಸೆಕೆಂಡ್. ಇನ್ನೊಂದು ಉತ್ತರ −1.17 ಬರುತ್ತದೆ. ಅದಕ್ಕೂ ಅರ್ಥ ಇದೆ. ಇದೇ ಚೆಂಡನ್ನು ನೆಲದಿಂದಲೇ ಎಸೆದಿದ್ದು, ಗೋಪುರದ ತುದಿ ದಾಟುವಾಗ ಅದರ ವೇಗ 20 ಇತ್ತು ಅನ್ನಿ. ಆಗ ಅದು ನೆಲ ಬಿಟ್ಟದ್ದು 1.17 ಸೆಕೆಂಡ್ ಮೊದಲು. ಇಲ್ಲೂ ಮೈನಸ್ ಏನೋ ಹೇಳುತ್ತಿದೆ.

ನೆಲಮುಗಿಲು:

ಕೈಯ ವೇಗ ಅಳೆಯುವುದು ಕಷ್ಟ, ಕಾಲ ಅಳೆಯುವುದು ಸುಲಭ. ಎಸೆದ ಮಟ್ಟದಲ್ಲೇ ಹಿಡಿಯಿರಿ. ಗಾಳಿಯಲ್ಲಿದ್ದ ಒಟ್ಟು ಕಾಲ ಅಳೆಯಿರಿ. ಅದರ ಅರ್ಧ ಏರಲು, ಅರ್ಧ ಇಳಿಯಲು. ಅರ್ಧ ಕಾಲದಲ್ಲಿ ಎಷ್ಟು ಬೀಳುತ್ತದೋ ಅದೇ ಎತ್ತರ. ಲೆಕ್ಕ ಮಾಡಿದರೆ:

ಎತ್ತರ = ಜಿ × (ಒಟ್ಟು ಕಾಲ)² ÷ 8

3 ಸೆಕೆಂಡ್ ಇದ್ದರೆ 9.8 × 9 ÷ 8 = 11 ಮೀಟರ್. ವೇಗ ಬೇಕೆಂದರೆ ಜಿ × ಅರ್ಧ ಕಾಲ, ಸೆಕೆಂಡಿಗೆ 14.7 ಮೀಟರ್.

ಒಂದು ಎಚ್ಚರಿಕೆ. ಸ್ಟಾಪ್‌ವಾಚ್ ಒತ್ತುವಾಗ ಬೆರಳು 0.2 ಸೆಕೆಂಡ್ ಹೆಚ್ಚುಕಡಿಮೆ ಆಗುವುದು ಸಹಜ. ಕಾಲ ವರ್ಗವಾಗುವುದರಿಂದ ತಪ್ಪು ಎರಡು ಪಟ್ಟಾಗುತ್ತದೆ. 3 ಸೆಕೆಂಡಿನಲ್ಲಿ 0.2 ಅಂದರೆ ಶೇಕಡಾ 7ರಷ್ಟು, ಎತ್ತರದಲ್ಲಿ ಶೇಕಡಾ 13ರಷ್ಟು, ಅಂದರೆ ಹತ್ತಿರ ಹತ್ತಿರ ಒಂದೂವರೆ ಮೀಟರ್. ಫೋನಿನಲ್ಲಿ ವಿಡಿಯೊ ಮಾಡಿ. ಸೆಕೆಂಡಿಗೆ 30 ಚಿತ್ರ ಇದ್ದರೆ ಎಸೆದ ಚಿತ್ರದಿಂದ ಹಿಡಿದ ಚಿತ್ರದವರೆಗೆ ಎಣಿಸಿ, 30ರಿಂದ ಭಾಗಿಸಿ. ತಪ್ಪು ಬಹಳ ಇಳಿಯುತ್ತದೆ. ಮೆತ್ತಗಿನ ಚೆಂಡು ತೆಗೆದುಕೊಳ್ಳಿ. ಮೇಲೆ ಹೋದದ್ದು ಅದೇ ವೇಗದಲ್ಲಿ ತಲೆಯ ಕಡೆಗೆ ಬರುತ್ತದೆ ಅನ್ನುವುದು ಈ ಲೆಕ್ಕದ್ದೇ ಫಲ.

ಗಾಳಿಪಟ:

"ಅದೇ ವೇಗದಲ್ಲಿ ಬರುತ್ತದೆ" ಅನ್ನುವಲ್ಲಿ ನನಗೆ ತಕರಾರಿದೆ. ಗಾಳಿ ಇಲ್ಲದಿದ್ದರೆ ಹೌದು. ಆದರೆ ನಾವು ಎಸೆಯುವುದು ಗಾಳಿಯಲ್ಲಿ.

ಗಾಳಿಯ ತಡೆ ಬಹುಮಟ್ಟಿಗೆ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಮೇಲಿನಿಂದ ಬೀಳುವ ಚೆಂಡಿನ ವೇಗ ಹೆಚ್ಚುತ್ತಾ ಹೋಗಿ, ಗಾಳಿಯ ತಡೆ ಭಾರಕ್ಕೆ ಸಮವಾದಾಗ ಅಲ್ಲಿಗೆ ನಿಲ್ಲುತ್ತದೆ. ಅದನ್ನು ಕೊನೆ ವೇಗ ಅನ್ನೋಣ. ಗಾಳಿಯಲ್ಲಿ ಗರಿಷ್ಠ ಎತ್ತರಕ್ಕೂ ಒಂದು ಸೂತ್ರ ಇದೆ:

ಎತ್ತರ = (ಕೊನೆ ವೇಗ)² ÷ (2 × ಜಿ) × ಲಾಗ್ (1 + ಯು² ÷ (ಕೊನೆ ವೇಗ)²)

ಲಾಗ್ ಅಂದರೆ ಇಲ್ಲಿ ಸ್ವಾಭಾವಿಕ ಲಾಗರಿದಮ್.

160 ಗ್ರಾಂ ತೂಕದ ಕ್ರಿಕೆಟ್ ಚೆಂಡಿಗೆ ಕೊನೆ ವೇಗ ಸೆಕೆಂಡಿಗೆ 38 ಮೀಟರ್ ಆಸುಪಾಸು ಬರುತ್ತದೆ. ಹಾಕಿ ನೋಡಿದೆ. 20ರ ವೇಗಕ್ಕೆ 20.4 ಬದಲು 18 ಮೀಟರ್. 30ಕ್ಕೆ 45.9 ಬದಲು ಸುಮಾರು 36. 40ಕ್ಕೆ 81.6 ಬದಲು 55. ವೇಗ ಹೆಚ್ಚಿದಷ್ಟೂ ನಮ್ಮ ಸರಳ ಸೂತ್ರ ದೂರ ಹೋಗುತ್ತದೆ. 30ರಲ್ಲಿ ಎಸೆದದ್ದು ಕೈಗೆ ಮರಳುವಾಗ 23.5ರ ವೇಗದಲ್ಲಿ ಇರುತ್ತದೆ. ಇಳಿಯಲು ಏರಿದ್ದಕ್ಕಿಂತ ಜಾಸ್ತಿ ಹೊತ್ತು ಬೇಕು.

ಟೇಬಲ್ ಟೆನಿಸ್ ಚೆಂಡು ಬರೀ 2.7 ಗ್ರಾಂ. ಅದರ ಕೊನೆ ವೇಗ 9ರ ಹತ್ತಿರ. 20ರಲ್ಲಿ ಎಸೆದರೂ ಅದು 7 ಮೀಟರ್ ಚಿಲ್ಲರೆಗೆ ತಿರುಗಿಬಿಡುತ್ತದೆ. ತಕ್ಕಡಿಯವರು ರಾಶಿ ಹೊಡೆದುಹಾಕಿದರಲ್ಲ, ಗಾಳಿ ಬಂದ ಕೂಡಲೇ ಅದು ವಾಪಸ್ ಬರುತ್ತದೆ.

ತಕ್ಕಡಿ:

ಒಪ್ಪಿದೆ. ಗಾಳಿಗೆ ಹೋದ ಶಕ್ತಿಯನ್ನು ನಾನು ಬರೆಯಲಿಲ್ಲ. ಆದರೂ ಸರಳ ಸೂತ್ರ ಬಿಡಬೇಡಿ. ಚೆಂಡು ಇದಕ್ಕಿಂತ ಮೇಲೆ ಹೋಗಲಾರದು ಅನ್ನುವ ಗಡಿಯನ್ನು ಅದು ಹಾಕಿಕೊಡುತ್ತದೆ.

ದೂರದರ್ಶಕ:

ಜಿ ಬಗ್ಗೆ ಎರಡು ಮಾತು. 9.8, 9.81, 10 ಮೂರೂ ಕಾಣುತ್ತವೆ. ನಿಖರ ಮಾನಕ 9.80665, ಅದನ್ನು 1901ರಲ್ಲಿ ಅಂತರರಾಷ್ಟ್ರೀಯ ಅಳತೆ ಸಮ್ಮೇಳನದಲ್ಲಿ ಗೊತ್ತುಮಾಡಿದರು. ನಿಜವಾದ ಬೆಲೆ ಸಮಭಾಜಕದ ಬಳಿ 9.78, ಧ್ರುವಗಳ ಬಳಿ 9.83. ಇದರಿಂದ ನಿಮ್ಮ 20 ಮೀಟರಿನಲ್ಲಿ ಹತ್ತು ಸೆಂಟಿಮೀಟರ್ ವ್ಯತ್ಯಾಸ ಆಗಬಹುದು. ಗಾಳಿಯ ಎದುರು ಅದು ಏನೂ ಅಲ್ಲ.

ಚಂದ್ರನ ಮೇಲೆ ಜಿ 1.62. ಅದೇ 20ರ ಎಸೆತ ಅಲ್ಲಿ 123 ಮೀಟರ್ ಹೋಗುತ್ತದೆ. ಅಲ್ಲಿ ಗಾಳಿಯೂ ಇಲ್ಲ, ಪುಸ್ತಕದ ಸೂತ್ರ ಇದ್ದ ಹಾಗೇ ನಡೆಯುತ್ತದೆ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಅಲ್ಲಿ ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಬಿಟ್ಟು, ಎರಡೂ ಒಟ್ಟಿಗೆ ಬೀಳುವುದನ್ನು ತೋರಿಸಿದ್ದರು.

ಬಹಳ ವೇಗಕ್ಕೆ ಸೂತ್ರ ಇನ್ನೊಂದು ಕಡೆಯಿಂದ ಸಡಿಲವಾಗುತ್ತದೆ. ಮೇಲೆ ಹೋದಂತೆ ಜಿ ಕಡಿಮೆಯಾಗುತ್ತದೆ. ಗಾಳಿ ಬಿಟ್ಟು ಲೆಕ್ಕ ಹಾಕಿದರೆ ಸೆಕೆಂಡಿಗೆ 1 ಕಿಲೋಮೀಟರಿಗೆ 51.0 ಬದಲು 51.4 ಕಿಲೋಮೀಟರ್, ಅಷ್ಟೇನೂ ಇಲ್ಲ. ಸೆಕೆಂಡಿಗೆ 5 ಕಿಲೋಮೀಟರಿಗೆ 1,276 ಬದಲು ಸುಮಾರು 1,595 ಕಿಲೋಮೀಟರ್. ಸೆಕೆಂಡಿಗೆ 11.2 ಕಿಲೋಮೀಟರ್ ಮುಟ್ಟಿದರೆ ತುದಿಯೇ ಇಲ್ಲ, ವಸ್ತು ಮರಳಿ ಬರುವುದಿಲ್ಲ.

ಕೊನೆಯ_ಬೆಂಚು:

ಅಳೆದೆ! ಟೆನಿಸ್ ಚೆಂಡಿನಿಂದ ಹತ್ತು ಸಲ ಎಸೆದೆ. ಭುಜದ ಮಟ್ಟದಲ್ಲಿ ಬಿಟ್ಟು ಅದೇ ಮಟ್ಟದಲ್ಲಿ ಹಿಡಿದೆ, ನೆಲದಿಂದ 1.4 ಮೀಟರ್. ಗೆಳೆಯ ವಿಡಿಯೊ ಮಾಡಿದ. ಚಿತ್ರ ಎಣಿಸಿದರೆ ಕಾಲ 2.1ರಿಂದ 2.5 ಸೆಕೆಂಡ್, ಸರಾಸರಿ 2.3.

9.8 × 2.3 × 2.3 ÷ 8 = 6.5 ಮೀಟರ್. ಭುಜದ ಎತ್ತರ ಸೇರಿಸಿ 7.9.

ಸರಿಯೋ ತಪ್ಪೋ ನೋಡಲು ಒಂದು ಗುರುತು ಬೇಕಿತ್ತು. ಎರಡನೇ ಮಹಡಿಯ ಕಟಕಟೆಯಿಂದ ನೂಲು ಇಳಿಬಿಟ್ಟು ಅಳೆದೆವು, ನೆಲದಿಂದ 7.4 ಮೀಟರ್ ಬಂತು. ವಿಡಿಯೊದಲ್ಲಿ ಹೆಚ್ಚಿನ ಎಸೆತಗಳು ಕಟಕಟೆಗಿಂತ ಸ್ವಲ್ಪ ಮೇಲೆ ಹೋಗಿ ತಿರುಗಿದವು. ಗೆಳೆಯ ಪ್ರತಿ ಸಲ "ನಿಂತಿತು" ಅಂತ ಕೂಗುತ್ತಿದ್ದ. ನಾನು "ತಿರುಗಿತು" ಅಂತ ತಿದ್ದುತ್ತಿದ್ದೆ.

2.1 ಸೆಕೆಂಡಿನ ಎಸೆತ ಒಂದು ಮಾತ್ರ ಕಟಕಟೆ ಮುಟ್ಟಲಿಲ್ಲ. ಮನೆಗೆ ಬಂದು ಅದರ ಲೆಕ್ಕ ಬೇರೆ ಹಾಕಿದೆ. 5.4 ಮೀಟರ್, ಭುಜ ಸೇರಿಸಿ 6.8. ಕಟಕಟೆಗಿಂತ 60 ಸೆಂಟಿಮೀಟರ್ ಕೆಳಗೆ. ವಿಡಿಯೊ ಮತ್ತೆ ಹಾಕಿ ನೋಡಿದೆ. ಚೆಂಡು ಅಲ್ಲೇ ಇತ್ತು.

ನಾಳೆ ಟೇಬಲ್ ಟೆನಿಸ್ ಚೆಂಡು ತರುತ್ತೇನೆ. ಗಾಳಿಪಟ ಅವರೇ, ಅದಕ್ಕೆ ಏರುವ ಕಾಲ, ಇಳಿಯುವ ಕಾಲ ಬೇರೆ ಬೇರೆ ಎಣಿಸಬೇಕು ಅಲ್ವಾ?

ಗಾಳಿಪಟ:

ಹೌದು, ಬೇರೆ ಬೇರೆ. ಗಾಳಿ ಬೀಸದ ಜಾಗದಲ್ಲಿ ಎಸೆಯಿರಿ. ಕ್ಯಾಮೆರಾ ದೂರದಲ್ಲಿಟ್ಟು ಅಲ್ಲಾಡದ ಹಾಗೆ ನಿಲ್ಲಿಸಿ. ಸಂಖ್ಯೆಗಳನ್ನು ಇಲ್ಲಿ ಹಾಕಿ, ಅದರಿಂದ ಕೊನೆ ವೇಗವನ್ನು ಒಟ್ಟಿಗೆ ಹುಡುಕೋಣ.